ಹಾಲನ್ನ, ಮನೆ ಅಡುಗೆ, ಪಪ್ಪಿ ಫುಡ್: ನಮ್ಮ ನಾಯಿಮರಿ ಕರಿಯನಿಗೆ ಮೂರೂ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಯಾಕೆಟ್ಟಿನ ಪಪ್ಪಿ ಫುಡ್‌ಗೆ. ಮನೆ ಅಡುಗೆ ಅದರ ಮೇಲೆ ಒಂದಿಷ್ಟು. ಹಾಲನ್ನ ಬೇಡವೇ ಬೇಡ. ಕೊಡಗಿನ ತೋಟದ ಮನೆಗಳಲ್ಲಿ ಹೀಗಂದರೆ ಹಿರಿಯರು ಒಪ್ಪುವುದಿಲ್ಲ, ನಮ್ಮಮ್ಮನೂ ಒಪ್ಪಿರಲಿಲ್ಲ. ಕರಿಯ ಅರ್ಧ ಲ್ಯಾಬ್ (ಲ್ಯಾಬ್ರಡಾರ್), ಅರ್ಧ ಊರನಾಯಿ. ಮಳೆ ಹಿಡಿಯುವ ಹೊತ್ತಿಗೆ ಎರಡು ತಿಂಗಳ ಮರಿಯಾಗಿ ಬಂದ.

ಅವನು ಹುಟ್ಟಿದ್ದು ತೋಟದ ಕೆಲಸದವರ ಲೈನ್ ಮನೆಯಲ್ಲಿ, ಅಲ್ಲಿ ಹಾಲನ್ನವೇ ಅವನ ಊಟ. ಹಾಗಾಗಿ ನಮ್ಮಲ್ಲೂ ಅದರಿಂದಲೇ ಶುರು. ತಟ್ಟೆ ಇಟ್ಟ ಕೂಡಲೇ ಖಾಲಿ, ಹೊಟ್ಟೆ ಗುಂಡಗೆ, ಆದರೆ ಸ್ವಲ್ಪ ಹೊತ್ತಿಗೇ ಅಡುಗೆಮನೆ ಬಾಗಿಲಲ್ಲಿ ಮತ್ತೆ ಕುಂಯ್ ಕುಂಯ್. ಚಪ್ಪಲಿ, ಪೊರಕೆ, ಗೋಣಿಚೀಲ, ಸಿಕ್ಕಿದ್ದೆಲ್ಲ ಕಚ್ಚುತ್ತಿದ್ದ. ಹಲ್ಲು ಬರುವಾಗ ಮರಿಗಳು ಕಚ್ಚುತ್ತವೆ, ನಿಜ. ಆದರೆ ಇಲ್ಲಿ ಹಸಿವೂ ಇತ್ತು, ಯಾಕೆಂದರೆ ಮರಿಗೆ ಒಂದು ಕಿಲೋ ತೂಕಕ್ಕೆ ದೊಡ್ಡ ನಾಯಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿ ಬೇಕು, ಪ್ರೋಟೀನೂ ಜಾಸ್ತಿ ಬೇಕು, ನೀರು ನೀರಾದ ಹಾಲನ್ನದಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಮೇಲೆ ಭೇದಿ ಬೇರೆ. ತಾಯಿ ಹಾಲು ಬಿಟ್ಟ ಎಷ್ಟೋ ಮರಿಗಳಿಗೆ ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಸರಿಯಾಗಿ ಅರಗುವುದಿಲ್ಲ. ಒಂದು ಮಾತು: ಭೇದಿ ಜೊತೆ ವಾಂತಿಯೂ ಆಗಿ ಮರಿ ಮಂಕಾದರೆ ಊಟದ ಮೇಲೆ ತಪ್ಪು ಹಾಕಿ ಕೂರಬೇಡಿ, ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.

ಆಮೇಲೆ ಮನೆ ಅಡುಗೆ. ಅನ್ನ, ಬೇಯಿಸಿದ ಕೋಳಿ, ಮೊಟ್ಟೆ, ಸಿಹಿಕುಂಬಳ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ. ರುಚಿಯಲ್ಲಿ ಇದನ್ನು ಮೀರಿದ್ದಿಲ್ಲ, ಭೇದಿ ನಿಂತಿತು, ಮೈಕೂದಲು ಹೊಳೆಯತೊಡಗಿತು. ಅಮ್ಮನಿಗೂ ಖುಷಿ. ನನಗೆ ಚಿಂತೆ ಆಗಿದ್ದು ಕಣ್ಣಿಗೆ ಕಾಣದ ವಿಷಯಕ್ಕೆ. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ತಿಂಗಳುಗಟ್ಟಲೆ ಬರೀ ಅದನ್ನೇ ತಿಂದರೆ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ, ಕಾಲು ಬಾಗುತ್ತೆ, ಸಣ್ಣ ಪೆಟ್ಟಿಗೂ ಮುರಿಯಬಹುದು. ಮೊಟ್ಟೆ ಚಿಪ್ಪನ್ನು ನುಣ್ಣಗೆ ಪುಡಿ ಮಾಡಿ ಹಾಕುವವರಿದ್ದಾರೆ. ಅರ್ಧ ಟೀ ಚಮಚದಲ್ಲಿ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಆದರೆ ಅಂದಾಜಲ್ಲಿ ಹಾಕುವ ವಸ್ತು ಅಲ್ಲ ಅದು, ಲ್ಯಾಬ್, ಜರ್ಮನ್ ಶೆಫರ್ಡ್ ತರಹದ ದೊಡ್ಡ ಜಾತಿ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿಯಾದರೂ ಮೂಳೆ ಕೆಡುತ್ತೆ. ಇನ್ನೊಂದು, ಕರಿಯ ಅನ್ನ ಬಿಟ್ಟು ಕೋಳಿ ಮಾತ್ರ ಆರಿಸಿ ತಿನ್ನಲು ಕಲಿತ. ತಿನ್ನುವಾಗ ಹತ್ತಿರ ಹೋದರೆ ಗುರ್ ಎನ್ನುತ್ತಿದ್ದ. ಕಾಫಿ ಕುಯ್ಲು ಶುರುವಾದರೆ ನಾಯಿಗೆ ಬೇರೆ ಅಡುಗೆ ಮಾಡಲು ಯಾರಿಗೆ ಪುರುಸೊತ್ತು, ಹೇಳಿ?

ಪಪ್ಪಿ ಫುಡ್‌ಗೆ ಬದಲಾಯಿಸುವಾಗ ಹಳೆಯದರ ಜೊತೆ ದಿನಾ ಸ್ವಲ್ಪ ಸ್ವಲ್ಪ ಸೇರಿಸುತ್ತಾ ವಾರ, ಹತ್ತು ದಿನ ತೆಗೆದುಕೊಳ್ಳಬೇಕು. ಮರಿಗಳಿಗೆ ಅಂತಲೇ ಬರೆದಿರುವುದು, ಸಂಪೂರ್ಣ ಆಹಾರ ಅಂತ ಇರುವುದೇ ಆಗಬೇಕು. ಕ್ಯಾಲ್ಸಿಯಂ ಲೆಕ್ಕ ಅದರಲ್ಲೇ ಇರುತ್ತೆ, ಮೇಲಿಂದ ಸಿರಪ್ ಬೇಡ. ನನ್ನ ಮನಸ್ಸು ಗೆದ್ದದ್ದು ಮಾತ್ರ ಬೇರೆ ಕಾರಣಕ್ಕೆ. ಕಾಳು ಕಾಳಾಗಿರುವುದರಿಂದ ಜೇಬಲ್ಲಿ ಇಟ್ಟುಕೊಳ್ಳಬಹುದು! ಅವನ ದಿನದ ಪಾಲಿನಿಂದಲೇ ಒಂದು ಹಿಡಿ ತೆಗೆದು, ಕೂತರೆ ಒಂದು ಕಾಳು, ಕರೆದಾಗ ಬಂದರೆ ಒಂದು ಕಾಳು, ತೋಟಕ್ಕೆ ಬರುವ ಕೆಲಸದವರ ಕೈಯಿಂದಲೂ ಒಂದೊಂದು ಕಾಳು ಕೊಡಿಸಿದೆ. ಈಗ ಯಾರಾದರೂ ಗೇಟು ತೆಗೆದರೆ ಮೈಮೇಲೆ ಹಾರುವುದಿಲ್ಲ, ಕೂತು ಕೈ ನೋಡುತ್ತಾನೆ. ಅನ್ನದಲ್ಲಿ ಇದನ್ನು ಮಾಡುವುದಾದರೂ ಹೇಗೆ? ಗುರ್ ಎನ್ನುವುದಕ್ಕೂ ಮದ್ದು ಸಿಕ್ಕಿತು. ತಟ್ಟೆ ಕಸಿಯುವ ಬದಲು, ಅವನು ತಿನ್ನುವಾಗ ಸ್ವಲ್ಪ ದೂರದಿಂದಲೇ ಒಂದು ಚೂರು ಕೋಳಿ ಹಾಕಿ ಬರುತ್ತಿದ್ದೆ. ದಿನ ಕಳೆದಂತೆ ಹತ್ತಿರ ಹೋದೆ. ಈಗ ನನ್ನನ್ನು ಕಂಡರೆ ಬಾಲ ಅಲ್ಲಾಡುತ್ತೆ.

ಪ್ಯಾಕೆಟ್ಟಿಗೂ ತೊಂದರೆ ಇದೆ. ಖರ್ಚು ಜಾಸ್ತಿ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಬಾಯಿ ತೆರೆದಿಟ್ಟರೆ ಕಾಳು ಮೆತ್ತಗಾಗಿ ಬೂಷ್ಟು ಹಿಡಿಯುತ್ತೆ, ಬೂಷ್ಟಿನಲ್ಲಿ ಲಿವರ್ ಹಾಳುಮಾಡುವ ವಿಷ ಇರಬಹುದು. ಮಳೆಗಾಲದಲ್ಲಿ ದೊಡ್ಡ ಚೀಲ ತರಬೇಡಿ, ಸಣ್ಣ ಪ್ಯಾಕೆಟ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಮೂರು ತಿಂಗಳವರೆಗೆ ದಿನಕ್ಕೆ 4 ಸಲ, ಆರು ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಹಾಕುವುದು ನಮ್ಮ ಕ್ರಮ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು, ಅಳತೆ ಅಷ್ಟೇ. ಕೋಳಿ, ಮೊಟ್ಟೆ ಎಲ್ಲ ಸೇರಿ ಊಟದ ಹತ್ತರಲ್ಲಿ ಒಂದು ಪಾಲು ದಾಟದ ಹಾಗೆ ನೋಡಿಕೊಳ್ಳುತ್ತೇನೆ.

ಕೊಡಗಿನ ಕೈಲ್‌ಪೊಳ್ದ್ ಹಬ್ಬ ಬಂದಾಗ ಮಾತ್ರ ನೆಂಟರ ಮೇಲೆ ಕಣ್ಣಿಡಬೇಕಾಗುತ್ತೆ. ಪ್ರೀತಿಯಿಂದಲೇ ಪಂದಿ ಕರಿ ಅನ್ನುವ ಹಂದಿ ಸಾರಿನ ಮೂಳೆ ಎಸೆಯುತ್ತಾರೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ, ಹಂದಿ ಕೊಬ್ಬು ಮರಿ ಹೊಟ್ಟೆಗೆ ಆಗುವುದಿಲ್ಲ, ಮಸಾಲೆಯಲ್ಲಿ ನಾಯಿಗೆ ಆಗದ ಈರುಳ್ಳಿ ಬೇರೆ. ಅವತ್ತು ಅವನನ್ನು ಹಿಂದಿನ ಕೋಣೆಯಲ್ಲಿ ಬಿಟ್ಟು, ಅವನ ಕಾಳನ್ನೇ ಹಳೇ ಬಟ್ಟೆಯಲ್ಲಿ ಸುತ್ತಿ ಹುಡುಕಲು ಕೊಡುತ್ತೇನೆ.