ಎಐ ಸಪ್ಲೈ ಚೈನ್ ನಕ್ಷೆಗಳು: ಕಂಡ ಗೆರೆ ಯಾವುದು, ಊಹೆಯ ಗೆರೆ ಯಾವುದು?

ಯಾವ ಕಂಪನಿಗೆ ಯಾರಿಂದ ಮಾಲು ಬರುತ್ತದೆಂದು ಎಐ ಬಳಸಿ ತೋರಿಸುವ ಸಪ್ಲೈ ಚೈನ್ ನಕ್ಷೆಗಳು ಚಂದಾ ಕಟ್ಟಿದರೆ ಸಿಗುತ್ತವೆ. ಡೆಮೊದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಭೂಪಟ, ಅದರ ಮೇಲೆ ಜೇಡರ ಬಲೆಯಂಥ ಗೆರೆಗಳು, ಅಲ್ಲಲ್ಲಿ ಕೆಂಪು ಚುಕ್ಕೆ. ಆ ಗೆರೆಗಳಲ್ಲಿ ದಾಖಲೆಯಲ್ಲಿ ಸಿಕ್ಕಿದ್ದೆಷ್ಟು, ಮಾಡೆಲ್ ಊಹಿಸಿದ್ದೆಷ್ಟು ಎಂದು ಕೇಳಿ ನೋಡಿ. ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸುವ ಸೇವೆಯನ್ನು ಅಲ್ಲಿಗೇ ಕೈಬಿಡಬಹುದು.

ಊಹೆ ಬೇಕಾಗುವುದಕ್ಕೆ ಕಾರಣವಿದೆ. ದಾಖಲೆ ಬಹಳ ತೆಳು. ಹಲವು ಸೇವೆಗಳ ಬುನಾದಿ ಅಮೆರಿಕದ ಸಮುದ್ರ ಆಮದಿನ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೆ ಹತ್ತಿಸಿದ ಸರಕಿನ ರಸೀದಿ. ಅದರಲ್ಲಿ ವಿಮಾನದ ಸರಕು ಇಲ್ಲ; ಚಿಪ್‌ಗಳು ಹೆಚ್ಚಾಗಿ ಹೋಗುವುದೇ ವಿಮಾನದಲ್ಲಿ. ಹೆಸರು ಮುಚ್ಚಿಡಿ ಎಂದು ಕಂಪನಿಗಳು ಕಸ್ಟಮ್ಸ್‌ಗೆ ಅರ್ಜಿ ಹಾಕಬಹುದು. ಎಷ್ಟೋ ಬಿಲ್ಲುಗಳಲ್ಲಿ ಖರೀದಿದಾರನ ಬದಲು ಸಾಗಣೆ ಏಜೆಂಟನ ಹೆಸರಿರುತ್ತದೆ. ದೇಶಗಳ ನಡುವಿನ ವ್ಯಾಪಾರಕ್ಕೆ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಎಂಬ ದತ್ತಾಂಶ ಸಂಗ್ರಹ ಇದೆ, ಆದರೆ ಅಲ್ಲಿ ಸರಕಿನ ಬಗೆ ಹೇಳುವ ಎಚ್‌ಎಸ್ ಕೋಡ್ 6 ಅಂಕಿಗೆ ನಿಲ್ಲುತ್ತದೆ. 8542.31 ಎಂಬ ಒಂದೇ ಕೋಡಿನಡಿ ಸರ್ವರ್‌ನ ಪ್ರೊಸೆಸರೂ ಬರುತ್ತದೆ, ವಾಷಿಂಗ್ ಮೆಷಿನ್ನಿನ ಕಂಟ್ರೋಲರೂ ಬರುತ್ತದೆ.

ಉಳಿದ ಸಂದನ್ನು ಮಾಡೆಲ್ ತುಂಬುತ್ತದೆ: ಭಾಷಾ ಮಾಡೆಲ್ ವಾರ್ಷಿಕ ವರದಿ, ಸುದ್ದಿ ಓದಿ ‘ಇವರು ಅವರಿಗೆ ಮಾಲು ಕೊಡುತ್ತಾರೆ’ ಎಂಬುದನ್ನು ಹೆಕ್ಕುತ್ತದೆ, ಸಂಬಂಧಗಳ ಜಾಲವನ್ನು ಓದುವ ಗ್ರಾಫ್ ಮಾಡೆಲ್ ಇರಬಹುದಾದ ಕೊಂಡಿಗಳನ್ನು ಅಂದಾಜಿಸುತ್ತದೆ. ಹೆಚ್ಚು ಕೆಡುವುದು ಹೆಸರು ಹೊಂದಿಸುವಾಗ. ಒಂದೇ ಹೆಸರಿನ ಎರಡು ಕಂಪನಿ ಬೆರೆತರೆ ಇಲ್ಲದ ದೊಡ್ಡ ಸಪ್ಲೈಯರ್ ಹುಟ್ಟಿಕೊಳ್ಳುತ್ತಾನೆ. ಇನ್ನೊಂದು ಮಾಮೂಲಿ ತಪ್ಪು, ಕಾರ್ಖಾನೆಯ ಜಾಗದಲ್ಲಿ ಹೆಡ್ ಆಫೀಸಿನ ವಿಳಾಸ. ನೆರೆ ಬರುವುದು ಕಾರ್ಖಾನೆಗೆ. ನಕ್ಷೆಯ ಚುಕ್ಕೆ ಮಾತ್ರ ಹಸಿರಾಗಿಯೇ ಇರುತ್ತದೆ.

ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ. ಮೂರನೇ ಹಂತದವರೆಗೆ (ನಿಮ್ಮ ಸಪ್ಲೈಯರ್‌ನ ಸಪ್ಲೈಯರ್‌ಗೆ ಮಾಲು ಕೊಡುವವರವರೆಗೆ) ಮಾಲು ಎಲ್ಲಿಂದ ಬರುತ್ತದೆಂದು ಖಚಿತವಾಗಿ ಗೊತ್ತಿರುವ 40 ಬಿಡಿಭಾಗ ಆರಿಸಿ, ಹೆಸರಾಂತ ಕಂಪನಿಗಳದ್ದು ಬೇಡ. 20ರ ವಿವರ ಕೊಡಿ, ಉಳಿದ 20ರ ಸಪ್ಲೈಯರ್‌ಗಳನ್ನು ಸೇವೆಯೇ ಹುಡುಕಲಿ. ಎಷ್ಟು ಹುಡುಕಿತು, ಹೇಳಿದ್ದರಲ್ಲಿ ಎಷ್ಟು ಸರಿ, ಎರಡನ್ನೂ ಬೇರೆಬೇರೆ ಎಣಿಸಿ. ಹಾಗೆಯೇ ‘80% ಖಚಿತ’ ಎಂದ 100 ಗೆರೆ ತೆಗೆದು ನೋಡಿ: ಸುಮಾರು 80 ನಿಜವಾಗದಿದ್ದರೆ ಆ ಶೇಕಡಾವಾರು ಬರೀ ಅಲಂಕಾರ.

ಹಳೆಯ ಆಘಾತಗಳನ್ನು ಮೊದಲೇ ಹಿಡಿಯುತ್ತಿದ್ದೆವು ಎಂದು ತೋರಿಸುವುದು ಮಾರಾಟಗಾರರ ಅಚ್ಚುಮೆಚ್ಚಿನ ಆಟ. 2011ರ ಮಾರ್ಚ್ 11ರ ಜಪಾನ್ ಭೂಕಂಪದ ನಂತರ ಒನಾಹಾಮಾದಲ್ಲಿನ, ಮರ್ಕ್ ಎಂಬ ರಾಸಾಯನಿಕ ಕಂಪನಿಯ ಘಟಕ ನಿಂತು, ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಝಿರಾಲಿಕ್ ಎಂಬ ಪಿಗ್ಮೆಂಟ್ ಸಿಗದೆ ಫೋರ್ಡ್ ಕೆಲವು ಬಣ್ಣಗಳ ಆರ್ಡರಿಗೆ ಮಿತಿ ಹಾಕಿತು. 2012ರ ಮಾರ್ಚ್‌ನಲ್ಲಿ ಜರ್ಮನಿಯ ಮಾರ್ಲ್‌ನ ಇವೋನಿಕ್ ಕಂಪನಿಯ ಘಟಕದಲ್ಲಿ ಸ್ಫೋಟವಾಗಿ ಸಿಡಿಟಿ ಎಂಬ ರಾಸಾಯನಿಕದ ಉತ್ಪಾದನೆ ನಿಂತಿತು. ಅದರಿಂದಾಗುವ ನೈಲಾನ್-12ಕ್ಕೆ, ಅಂದರೆ ಕಾರಿನ ಇಂಧನ ಮತ್ತು ಬ್ರೇಕ್ ಕೊಳವೆಗಳಿಗೆ ಪೆಟ್ಟು ಬಿತ್ತು. ಎರಡರಲ್ಲೂ ಗಂಟಲು ಕಟ್ಟಿದ್ದು ಕಾರು ಕಂಪನಿಗಿಂತ ಹಲವು ಹಂತ ಹಿಂದೆ. ಇವನ್ನು ಸೇವೆ ಹಿಡಿದರೆ ಬೆರಗಾಗಬೇಡಿ. ಭಾಷಾ ಮಾಡೆಲ್ ಆಮೇಲಿನ ಸುದ್ದಿಯನ್ನೆಲ್ಲ ಓದಿಯೇ ಬಂದಿದೆ. ಇದು ಪ್ರಶ್ನೆಪತ್ರಿಕೆ ಸೋರಿದ ಪರೀಕ್ಷೆ. ಹೆಸರು, ಊರು ಅಳಿಸಿ ಕೇಳಿ, ಇಲ್ಲವೇ ಪತ್ರಿಕೆಗೇ ಬಾರದ ಪುಟ್ಟ ಅಡಚಣೆಯೊಂದನ್ನು ಕೊಡಿ.

ಹಡಗುಗಳ ವಿಷಯಕ್ಕೆ ಬಂದರೆ ಈ ಸೇವೆಗಳು ನಿಜಕ್ಕೂ ಚೆನ್ನ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ 6 ದಿನ ಸಿಕ್ಕಿಬಿದ್ದಂಥ ಘಟನೆ, ಹಡಗುಗಳು ತಮ್ಮ ಜಾಗ ತಿಳಿಸಲು ಕಳಿಸುವ ಎಐಎಸ್ ಸಂಕೇತದಲ್ಲಿ ಬೇಗ ಕಾಣುತ್ತದೆ. ಆದರೆ ಎಐಎಸ್‌ನಲ್ಲಿ ತಲುಪುವ ಬಂದರನ್ನು ತುಂಬುವುದು ಹಡಗಿನವರೇ, ಕೈಯಾರೆ. ಜಿಪಿಎಸ್ ಜ್ಯಾಮಿಂಗ್ ಇದ್ದರೆ ನಕ್ಷೆಯಲ್ಲಿ ಹಡಗು ನೆಲದ ಮೇಲೂ ತೇಲುತ್ತದೆ! 2023ರ ಕೊನೆಯಿಂದ ಕೆಂಪು ಸಮುದ್ರ ಬಿಟ್ಟು ಆಫ್ರಿಕಾದ ತುದಿ ಬಳಸಿ ಹೋದ ಹಡಗುಗಳಿಗೆ ಸುಮಾರು 10ರಿಂದ 14 ದಿನ ಹೆಚ್ಚಾಯಿತು. ಹಳೆಯ ದಾರಿಯಲ್ಲಿ ಕಲಿತ ಮಾಡೆಲ್ ಅಂಥ ಹೊತ್ತಿನಲ್ಲಿ ಹಳೆಯ ದಿನಾಂಕವನ್ನೇ ಹೇಳಬಹುದು. ಮಾಡೆಲನ್ನು ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು ಕೇಳುವುದು ಅದಕ್ಕೇ.

ಆಘಾತದ ಲೆಕ್ಕಾಚಾರವೇ ಎಲ್ಲಕ್ಕಿಂತ ದುರ್ಬಲ ಭಾಗ. 10% ಮಾಲು ಕಡಿಮೆಯಾದರೆ 10% ಉತ್ಪಾದನೆ ಕಡಿಮೆ ಎಂದು ನೇರ ಗೆರೆ ಎಳೆಯುವ ಸಿಮ್ಯುಲೇಟರ್ ಕೆಲಸಕ್ಕೆ ಬಾರದು. ಬದಲಿ ಸಿಗುವ ಉಕ್ಕಿಗೂ ಬದಲಿಯೇ ಇಲ್ಲದ ಒಂದು ಚಿಪ್‌ಗೂ ಅದು ಒಂದೇ ಲೆಕ್ಕ ಹಾಕುತ್ತದೆ. ಬೇಕಿರುವುದು ಎರಡು ಸಂಖ್ಯೆ: ಘಟಕ ಚೇತರಿಸಿಕೊಳ್ಳಲು ಎಷ್ಟು ವಾರ, ಕೈಯಲ್ಲಿರುವ ದಾಸ್ತಾನು ಎಷ್ಟು ವಾರ. ಚೇತರಿಕೆಗೆ 8, ದಾಸ್ತಾನು 3 ಆದರೆ 5 ವಾರ ಲೈನ್ ಖಾಲಿ. ದಾಸ್ತಾನಿನ ಅಂಕಿ ಎಐಗೆ ಹೊರಗಿನಿಂದ ಸಿಗುವುದಿಲ್ಲ, ನೀವೇ ಕೊಡಬೇಕು.

ಹಾಗೆ ಕೊಡುವ ಮುನ್ನ ಒಪ್ಪಂದ ಓದಿ. ನಿಮ್ಮ ಬಿಡಿಭಾಗಗಳ ಪಟ್ಟಿಯಿಂದ ಕಲಿತ ಗೆರೆಗಳು ಇನ್ನೊಬ್ಬ ಗ್ರಾಹಕನ ನಕ್ಷೆಯಲ್ಲಿ ಮೂಡಬಾರದು ಎಂದು ಬರೆಸಿಕೊಳ್ಳಿ. ಪ್ರತಿ ಗೆರೆಯನ್ನೂ ಮೂಲ ದಾಖಲೆ, ದಿನಾಂಕದ ಸಮೇತ ಡೌನ್‌ಲೋಡ್ ಮಾಡಲು ಬಿಡಬೇಕು. ಮೂರನೇ ಹಂತದಾಚೆಯ ಗೆರೆಗಳನ್ನು ನಂಬಿ ಆರ್ಡರ್ ಬದಲಿಸಬೇಡಿ, ಸಪ್ಲೈಯರ್‌ಗೆ ಫೋನ್ ಮಾಡಿ ಕೇಳಿ. ಯಾರಿಗೆ ಫೋನ್ ಮಾಡಬೇಕೆಂದು ತಿಳಿಸುವ ಮಟ್ಟಿಗೆ ಇವು ಕೊಟ್ಟ ದುಡ್ಡಿಗೆ ಮೋಸವಿಲ್ಲ.