ಮಜ್ಜೆ ಕಸಿಗೆ ಮೊದಲು: ಇಡೀ ದೇಹಕ್ಕೆ ರೇಡಿಯೇಶನ್ನೋ, ಬರೀ ಕೀಮೋನೋ?

ಕಸಿಗೆ ಮೊದಲು ರೋಗದ ಮಜ್ಜೆಯನ್ನು ಅಳಿಸಲು ರೇಡಿಯೇಶನ್ ಬೇಕೋ, ಬರೀ ಕೀಮೋ ಸಾಕೋ ಎಂದು ಆರಿಸುವಾಗ, ಕಸಿಯಾಗಿ ವರ್ಷಗಳಾದ ಮೇಲೆ ಇನ್ನೊಂದು ಕ್ಯಾನ್ಸರ್ ಬರುವ ಅಪಾಯ ತಕ್ಕಡಿಯ ಒಂದು ತಟ್ಟೆ ಮಾತ್ರ. ಇನ್ನೊಂದರಲ್ಲಿ ಹಳೆಯ ರಕ್ತಕ್ಯಾನ್ಸರೇ ಮರಳುವ ಅಪಾಯವಿದೆ.

ರೇಡಿಯೇಶನ್ ಎಂದರೆ ಸಾಮಾನ್ಯವಾಗಿ 12 ಗ್ರೇ (ರೇಡಿಯೇಶನ್ ಪ್ರಮಾಣದ ಅಳತೆ): ಮೂರು ದಿನ, ದಿನಕ್ಕೆ ಎರಡು ಸಲ. ಮುಂದೆ ಥೈರಾಯ್ಡ್, ಸ್ತನ, ಚರ್ಮ, ಮೆದುಳಿನ ಗಡ್ಡೆಗಳ ಸಂಭವ ಹೆಚ್ಚು. ವಯಸ್ಸು ಚಿಕ್ಕದಾದಷ್ಟೂ ಇನ್ನೂ ಹೆಚ್ಚು. ಬುಸಲ್ಫಾನ್‌ನಂಥ ಕೀಮೋದಲ್ಲಿ ಈ ಹೊರೆ ಕಡಿಮೆ, ಆದರೆ ಇಲ್ಲವೆಂದಲ್ಲ.

ಆದರೂ ನಾಲ್ಕು ವರ್ಷ ದಾಟಿದ ಮಗುವಿಗೆ ಎಎಲ್ಎಲ್ (ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತಕ್ಯಾನ್ಸರ್) ಇದ್ದರೆ ನಮ್ಮ ಒಲವು ರೇಡಿಯೇಶನ್ ಕಡೆಗೇ. ಎಎಲ್ಎಲ್ ಇದ್ದ ಮಕ್ಕಳಲ್ಲಿ ಈ ಎರಡನ್ನೂ ಹೋಲಿಸಿದ 2021ರ ಫೋರಮ್ ಅಧ್ಯಯನದಲ್ಲಿ ರೇಡಿಯೇಶನ್ ಗುಂಪಿನಲ್ಲಿ ಎರಡು ವರ್ಷದ ಹೊತ್ತಿಗೆ ಬದುಕುಳಿದವರು ಶೇ. 91, ಕೀಮೋ ಗುಂಪಿನಲ್ಲಿ ಶೇ. 75. ಎಎಂಎಲ್ (ಇನ್ನೊಂದು ಬಗೆಯ ರಕ್ತಕ್ಯಾನ್ಸರ್), ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇವುಗಳಿಗೆ ಸಾಮಾನ್ಯವಾಗಿ ಕೀಮೋ ಸಾಕು.

ಬಾಯಿ ಕ್ಯಾನ್ಸರಿನ ಲೆಕ್ಕವೇ ಬೇರೆ. ದಾನಿಯ ಕೋಶಗಳು ದೇಹದ ಮೇಲೆಯೇ ದೀರ್ಘಕಾಲ ತಿರುಗಿಬೀಳುವ ಜಿವಿಎಚ್‌ಡಿ ಇದ್ದರೆ ಕೀಮೋ ಪಡೆದವರಿಗೂ ಇದು ಬರಬಹುದು. ಅಡಿಕೆ, ಹೊಗೆಸೊಪ್ಪು ಪೂರ್ತಿ ಬಿಡಲೇಬೇಕು. ವರ್ಷಕ್ಕೊಮ್ಮೆ ಬಾಯಿ, ಚರ್ಮ, ಥೈರಾಯ್ಡ್ ತೋರಿಸಿ. ಜಿವಿಎಚ್‌ಡಿ ಇದ್ದವರು ಬಾಯಿಯನ್ನು ಆರು ತಿಂಗಳಿಗೊಮ್ಮೆ. ರೇಡಿಯೇಶನ್ ಆದ ಹೆಣ್ಣುಮಕ್ಕಳಿಗೆ ಸ್ತನ ತಪಾಸಣೆ 25ನೇ ವಯಸ್ಸಿಗೆ ಅಥವಾ ರೇಡಿಯೇಶನ್ ಆಗಿ 8 ವರ್ಷಕ್ಕೆ, ಯಾವುದು ತಡವೋ ಆಗ ಶುರು, ಆದರೆ 40ನೇ ವಯಸ್ಸು ದಾಟಿಸಬೇಡಿ.