ಮನೆಯಲ್ಲೇ ನೋಡುವ ಯೂರಿನ್ ಸ್ಟ್ರಿಪ್: 3 ಸ್ಟಾರ್, ಅದೂ ಉದಾರವಾಗಿ

ಅಮ್ಮನಿಗೆ ಶುಗರ್ ಇದೆ, ಬಿಪಿಯೂ ಇದೆ. ಅದಕ್ಕೇ ಹತ್ತು ಬಣ್ಣದ ಚೌಕಗಳಿರುವ ಈ ಸ್ಟ್ರಿಪ್ ಡಬ್ಬಿ ತರಿಸಿದೆ. ಬಳಸುವುದು ಸುಲಭ. ಅದ್ದಿ ತೆಗೆದು, ಡಬ್ಬಿ ಮೇಲಿನ ಬಣ್ಣಗಳ ಪಕ್ಕ ಹಿಡಿದು ನೋಡಿದರಾಯಿತು. ಆದರೆ ಗಡಿಯಾರ ಎದುರಿಗೇ ಇರಬೇಕು. ಗ್ಲೂಕೋಸ್ ಚೌಕ 30 ಸೆಕೆಂಡಿಗೆ, ಪ್ರೋಟೀನ್ 60ಕ್ಕೆ, ಬಿಳಿ ರಕ್ತಕಣದ್ದು 2 ನಿಮಿಷಕ್ಕೆ. ತಡ ಮಾಡಿದರೆ ಬಣ್ಣ ಬದಲಾಗಿ ಸುಮ್ನೆ ಗಾಬರಿ.

ನನ್ನ ತಕರಾರು ಮಾರುವವರ ಮಾತಿನ ಬಗ್ಗೆ. 'ಕಿಡ್ನಿ ತೊಂದರೆ ಶುರುವಿನಲ್ಲೇ ಗೊತ್ತಾಗುತ್ತದೆ' ಅಂತ ಬರೆದಿದ್ದಾರೆ. ಹಾಗೇನಿಲ್ಲ. ಶುಗರ್ ಇರುವವರ ಕಿಡ್ನಿಯಿಂದ ಮೊದಮೊದಲು ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರುವುದು ತುಂಬಾ ಕಡಿಮೆ. ಆಗ ಇಂಥ ಮಾಮೂಲಿ ಸ್ಟ್ರಿಪ್ ಎಷ್ಟೋ ಸಲ 'ನೆಗೆಟಿವ್' ಅಂತಲೇ ತೋರಿಸುತ್ತದೆ. ಅದರ ಮೇಲೆ ಎರಡು ಚೊಂಬು ನೀರು ಕುಡಿದಿದ್ದರೆ ಮೂತ್ರ ತೆಳುವಾಗಿ ಇದ್ದದ್ದೂ ಕಾಣುವುದಿಲ್ಲ. ಇದಕ್ಕೆ ಲ್ಯಾಬಿನಲ್ಲಿ ಎಸಿಆರ್ ಅಂತ ಕೇಳಿ ಮಾಡಿಸಬೇಕು. ಅದರಲ್ಲಿ ಆಲ್ಬುಮಿನ್ನನ್ನು ಅದೇ ಮೂತ್ರದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ) ಜೊತೆ ತೂಗಿ ನೋಡುವುದರಿಂದ ನೀರಿನ ಲೆಕ್ಕ ಸರಿಹೋಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ, 300 ದಾಟಿದರೆ ಸೋರಿಕೆ ಜೋರಾಗಿದೆ ಅಂತ. ಜ್ವರ ಬಂದಾಗ, ಜಾಸ್ತಿ ವ್ಯಾಯಾಮ ಮಾಡಿದಾಗಲೂ ಆಲ್ಬುಮಿನ್ ಏರುತ್ತದೆ, ಹಾಗಾಗಿ ಒಂದೇ ರಿಪೋರ್ಟ್ ನೋಡಿ ಹೆದರುವುದು ಬೇಡ.

ಇನ್ನು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದು ಯಾವ ಸ್ಟ್ರಿಪ್ಪಿಗೂ ಗೊತ್ತಿಲ್ಲ. ಅದಕ್ಕೆ ರಕ್ತದ ಕ್ರಿಯಾಟಿನಿನ್ನೇ ಬೇಕು. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಮೂರು ತಿಂಗಳಿಗೂ ಹೆಚ್ಚು 60ರ ಕೆಳಗೇ ಇದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ, 15ಕ್ಕಿಂತ ಕೆಳಗಿಳಿದರೆ ಕಿಡ್ನಿ ಫೇಲ್ಯೂರ್ ಹಂತ. 'ಮೂತ್ರ ಚೆನ್ನಾಗಿ ಹೋಗ್ತಿದೆಯಲ್ಲ, ಕಿಡ್ನಿಗೇನಾಗಿದೆ' ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಎಷ್ಟು ಹೋಗುತ್ತದೆ ಅನ್ನುವುದರಿಂದ ಅದು ತಿಳಿಯುವುದಿಲ್ಲ ಅಲ್ವಾ!

ಡಬ್ಬಿಯ ಚೀಟಿಯಲ್ಲಿ ಇಲ್ಲದ ಇನ್ನೆರಡು ವಿಷಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ಹತೋಟಿಯಲ್ಲಿದ್ದರೂ ಗ್ಲೂಕೋಸ್ ಚೌಕ ಕಡುಬಣ್ಣಕ್ಕೆ ತಿರುಗುತ್ತದೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವುದೇ ಆ ಮಾತ್ರೆಯ ಕೆಲಸ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗುವವರಲ್ಲಿ ಮೂತ್ರದಲ್ಲಿ ರಕ್ತ ಇದ್ದರೂ ಸ್ಟ್ರಿಪ್ 'ಇಲ್ಲ' ಅನ್ನಬಹುದು.

ಹಾಗಾದರೆ 3 ಸ್ಟಾರ್ ಯಾಕೆ? ಉರಿಮೂತ್ರ ಶುರುವಾದಾಗ ನೈಟ್ರೈಟ್, ಬಿಳಿ ರಕ್ತಕಣದ ಚೌಕಗಳು ಸೋಂಕಿನ ಒಂದು ಸುಳಿವು ಕೊಡುತ್ತವೆ, ಡಾಕ್ಟರ ಹತ್ತಿರ ಹೋಗಲು ನೆಪವೂ ಸಿಗುತ್ತದೆ. ಕೊಳ್ಳುವವರು ಎಕ್ಸ್‌ಪೈರಿ ನೋಡಿಕೊಳ್ಳಿ, ನನಗೆ ಬಂದದ್ದರಲ್ಲಿ ಹೆಚ್ಚು ದಿನ ಉಳಿದಿರಲಿಲ್ಲ, ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಮುಚ್ಚಳ ಬಿಗಿಯಾಗಿ ಹಾಕಿಡಿ, ಬಚ್ಚಲುಮನೆಯಲ್ಲಂತೂ ಇಡಬೇಡಿ, ತೇವ ತಾಗಿದರೆ ಸ್ಟ್ರಿಪ್ ಕೆಡುತ್ತದೆ.